ಹಲ್ಲು ನೋಡಿ ಊರು ಹುಡುಕುವುದು

[ದೃಶ್ಯ: ಉಡುಪಿಯ ಹಳೇ ಮನೆ, ಹಂಚಿನ ಮಾಡು]

ಹಾಲುಹಲ್ಲು ಬಿದ್ದಾಗ ನೀವು ಏನು ಮಾಡ್ತಿದ್ರಿ? ನಮ್ಮ ಮನೆಯಲ್ಲಿ ಸಗಣಿ ಉಂಡೆಯೊಳಗೆ ಹಲ್ಲು ಹುದುಗಿಸಿ ಮಾಡಿನ ಮೇಲೆ ಎಸೆಯುತ್ತಿದ್ದೆವು. ನನ್ನದೊಂದು ಹಂಚಿನ ಮೇಲಿಂದ ಉರುಳಿ ವಾಪಸ್ ಅಂಗಳಕ್ಕೇ ಬಿತ್ತು. ಅಜ್ಜಿ ಮತ್ತೆ ಎಸೆಸಿದರು. ಎಸೆದದ್ದರಲ್ಲಿ ಊರಿನ ಗುರುತೇ ಇತ್ತು ಅಂತ ಆಗ ಯಾರಿಗೆ ಗೊತ್ತು!

ಕಲ್ಲು ಸವೆದು ಮಣ್ಣಾಗುತ್ತದೆ, ಅಲ್ವಾ? ಆ ಮಣ್ಣಲ್ಲಿ ಸ್ಟ್ರಾನ್ಷಿಯಂ ಎಂಬ ಧಾತು ಇರುತ್ತದೆ. ಅದು ಬಾವಿ ನೀರಿಗೆ, ಭತ್ತಕ್ಕೆ, ಬಸಳೆಗೆ ಸೇರಿ, ಊಟದ ಜೊತೆ ನಮ್ಮ ಮೈಗೆ ಬರುತ್ತದೆ. ಗುಣದಲ್ಲಿ ಕ್ಯಾಲ್ಸಿಯಂನ ದಾಯಾದಿ. ಹಾಗಾಗಿ ಹಲ್ಲು, ಮೂಳೆಯಲ್ಲಿ ಕ್ಯಾಲ್ಸಿಯಂ ಕೂರುವ ಜಾಗದಲ್ಲಿ ಸುಮ್ನೆ ನುಸುಳಿ ಕೂತುಬಿಡುತ್ತದೆ.

ಸ್ಟ್ರಾನ್ಷಿಯಂನಲ್ಲಿ 86, 87 ಅಂತ ಬೇರೆ ಬೇರೆ ತೂಕದ ಬಗೆಗಳಿವೆ. ಕಲ್ಲಿನೊಳಗಿನ ರುಬಿಡಿಯಂ ಎಂಬ ಇನ್ನೊಂದು ಧಾತುವಿನ ಒಂದು ಬಗೆ ನಿಧಾನಕ್ಕೆ ಈ 87 ಆಗಿ ಬದಲಾಗುತ್ತದೆ. ಎಷ್ಟು ನಿಧಾನ ಅಂದರೆ, ಅರ್ಧ ಮುಗಿಯಲು ಸುಮಾರು 4,900 ಕೋಟಿ ವರ್ಷ ಬೇಕು. ಹೀಗಾಗಿ ತುಮಕೂರು ಕಡೆಯ ಸುಮಾರು 300 ಕೋಟಿ ವರ್ಷದ ಕಲ್ಲಿನಲ್ಲಿ 87ರ ಪಾಲು ಜಾಸ್ತಿ. ವಿಜಯಪುರದ ಕರಿಕಲ್ಲಿಗೆ ಸುಮಾರು 6.6 ಕೋಟಿ ವರ್ಷ ಅಷ್ಟೇ, ಅಲ್ಲಿ ಕಡಿಮೆ.

[ದೃಶ್ಯ: ದವಡೆ ಹಲ್ಲು, ಹತ್ತಿರದಿಂದ]

ಮೂಳೆ ಜೀವನಪೂರ್ತಿ ಸವೆದು ಹೊಸದಾಗುತ್ತಲೇ ಇರುತ್ತದೆ. ಹಲ್ಲಿನ ಹೊರಗಿನ ಗಟ್ಟಿ ಪದರ, ಅಂದರೆ ಎನಾಮಲ್, ಹಾಗಲ್ಲ. ಶಾಶ್ವತ ಹಲ್ಲುಗಳಲ್ಲಿ ಮೊದಲ ದವಡೆ ಹಲ್ಲಿನ ಎನಾಮಲ್ ಹುಟ್ಟಿದಾಗ ಶುರುವಾಗಿ ಸುಮಾರು 3 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಬದಲಾಗುವುದಿಲ್ಲ. ಹಳೇ ಸಮಾಧಿಯಲ್ಲಿ ಸಿಕ್ಕ ಹಲ್ಲಿನ 87-86ರ ಲೆಕ್ಕ, ಹೂತ ಜಾಗದ ಲೆಕ್ಕಕ್ಕೆ ತಾಳೆ ಆಗದಿದ್ದರೆ, ಆ ವ್ಯಕ್ತಿ ಬೆಳೆದದ್ದು ಬೇರೆ ಕಡೆ.

2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ದಕ್ಷಿಣ ಆಫ್ರಿಕಾದ ಎರಡು ಗುಹೆಗಳಲ್ಲಿ ಸಿಕ್ಕ 19 ಹಲ್ಲುಗಳು. ಮನುಷ್ಯರದ್ದಲ್ಲ, ಸುಮಾರು 20 ಲಕ್ಷ ವರ್ಷ ಹಿಂದಿನ ನಮ್ಮ ದೂರದ ನೆಂಟರದ್ದು. ದೊಡ್ಡ ಹಲ್ಲಿನವು ಹೆಚ್ಚಾಗಿ ಅಲ್ಲೇ ಬೆಳೆದಿದ್ದವು. ಸಣ್ಣ ಹಲ್ಲಿನವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನವು. ಸಣ್ಣ ಹಲ್ಲು ಹೆಣ್ಣಿನದ್ದು ಎಂಬುದು ಸಂಶೋಧಕರ ಊಹೆ. ಅಂದರೆ ತವರು ಬಿಟ್ಟು ಬಂದವು!

ನಮ್ಮ ಕರಾವಳಿಯಲ್ಲಿ ಹೀಗೆ ಹುಡುಕುವುದು ಕಷ್ಟ. ಮುರಕಲ್ಲಿನ ಮಣ್ಣು ಹುಳಿ, ಮೇಲಿಂದ ಇಂಥಾ ಮಳೆ. ಮೂಳೆ ಉಳಿಯುವುದೇ ಅಪರೂಪ.

[ದೃಶ್ಯ: ಮಲ್ಪೆ ಬಂದರು]

ಹಲ್ಲು ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಕಡಲ ನೀರಿನಲ್ಲಿ 87 ಮತ್ತು 86ರ ಅನುಪಾತ ಸುಮಾರು 0.7092. ಮಲ್ಪೆಯಲ್ಲೂ ಅಷ್ಟೇ, ಜಪಾನಿನಲ್ಲೂ ಅಷ್ಟೇ. ಕಡಲ ಉಪ್ಪು, ಮುಳ್ಳು ಸಮೇತ ಜಗಿಯುವ ಸಣ್ಣ ಮೀನು ತಿಂದು ಬೆಳೆದವರ ಹಲ್ಲು ಆ ಅಂಕಿಯ ಕಡೆಗೇ ವಾಲುತ್ತದೆ. ಆಗ ಮಲ್ಪೆಯವರೋ, ಗುಜರಾತಿನ ಕರಾವಳಿಯವರೋ? ಇದೊಂದೇ ಲೆಕ್ಕದಿಂದ ಹೇಳಲಾಗದು. ಅದಕ್ಕೇ ಕುಡಿದ ನೀರಿನ ಸುಳಿವಿಗಾಗಿ ಹಲ್ಲಿನಲ್ಲಿರುವ ಆಕ್ಸಿಜನ್‌ನ ಬೇರೆ ಬೇರೆ ತೂಕದ ಬಗೆಗಳ ಲೆಕ್ಕವನ್ನೂ ಜೊತೆಗಿಟ್ಟು ನೋಡುತ್ತಾರೆ.

ಅಂದಹಾಗೆ, ಹಾಲುಹಲ್ಲಿನ ಎನಾಮಲ್ ಶುರುವಾಗುವುದು ತಾಯಿಯ ಹೊಟ್ಟೆಯಲ್ಲೇ. ಅಂಗಳಕ್ಕೆ ಉರುಳಿದ ನನ್ನ ಹಲ್ಲಿನಲ್ಲಿ ಇದ್ದದ್ದು ಅಮ್ಮ ಬಸುರಿಯಾಗಿದ್ದಾಗ ಉಂಡ ಗಂಜಿ.