ಗೋಣಿತಾಟಿನ ರಸ್ತೆ

ಎಲ್ಲರಿಗೂ ನಮಸ್ಕಾರ. ಮನೆತನದ ಚರಿತ್ರೆ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಇಡೀ ಮನೆತನದ ಕಥೆ ಬೇಡ, ಒಬ್ಬರದು ಮಾತ್ರ ಹೇಳುತ್ತೇನೆ. ಅವರು ನಮ್ಮ ತಾತ, ಅಪ್ಪನ ಅಪ್ಪ.

ತುಮಕೂರು ಕಡೆಯ ರೈತ. ಕೆರೆ ಕೆಳಗೆ ಒಂದಿಷ್ಟು ಗದ್ದೆ, ದಿಬ್ಬದ ಮೇಲೆ ರಾಗಿ ಹೊಲ. ದೊಡ್ಡಪ್ಪ ಬರೆಸಿಟ್ಟ ವಂಶಾವಳಿಯಲ್ಲಿ ತಾತನ ಹೆಸರಿನ ಮುಂದೆ 'ಬೇಸಾಯ' ಅಂತಷ್ಟೇ ಇದೆ. ಅದು ಸುಳ್ಳಲ್ಲ. ಆದರೆ 1942ರಿಂದ 1946ರವರೆಗೆ ಆ ಹೊಲ ಉತ್ತವರು ಅಜ್ಜಿ ಮತ್ತು ಅಜ್ಜಿಯ ತಮ್ಮ. ತಾತ ಆಗ ಸೈನ್ಯದಲ್ಲಿದ್ದರು. ಬೆಂಗಳೂರಿನ ಹಲಸೂರಿಗೆ ಹೋಗಿ ಮದ್ರಾಸ್ ಸ್ಯಾಪರ್ಸ್ ಸೇರಿದ್ದರು. ಇವತ್ತು ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್ ಅಂತೀವಲ್ಲ, ಅದೇ. ಸ್ಯಾಪರ್ ಅಂದರೆ ರಸ್ತೆ, ಸೇತುವೆ, ಮೋರಿ ಕಟ್ಟುವ ಸೈನಿಕ. ಕೈಯಲ್ಲಿ ಬಂದೂಕೂ ಇರುತ್ತದೆ, ಗುದ್ದಲಿಯೂ ಇರುತ್ತದೆ.

ಯಾಕೆ ಹೋದರು? ದೇಶಭಕ್ತಿ ಅಂತ ನಾನು ಬಣ್ಣ ಹಚ್ಚುವುದಿಲ್ಲ. ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ: "ಸಾಲ ಇತ್ತು, ತಿಂಗಳಿಗೆ ಸಂಬಳ ಬರ್ತದೆ ಅಂದ್ರು, ಹೋದ್ರು." 1939ರಲ್ಲಿ ಸುಮಾರು 2 ಲಕ್ಷ ಇದ್ದ ಭಾರತೀಯ ಸೈನ್ಯ 1945ರ ಹೊತ್ತಿಗೆ 25 ಲಕ್ಷ ಮುಟ್ಟಿತು. ಯಾರನ್ನೂ ಕಾನೂನು ಹಾಕಿ ಎಳೆದುಕೊಂಡು ಹೋಗಲಿಲ್ಲ. ಅಷ್ಟು ಜನರಲ್ಲಿ ಬಹಳಷ್ಟು ಮಂದಿ ತಾತನ ಹಾಗೆ ನೇಗಿಲು ಬಿಟ್ಟು ಹೋದವರೇ.

ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ ತಾತ ಇದ್ದದ್ದು ಬರ್ಮಾದಲ್ಲಿ, ಈಗಿನ ಮ್ಯಾನ್ಮಾರ್‌ನಲ್ಲಿ. ಅಲ್ಲಿನ ಮಾತು ಅವರು ಆಡುತ್ತಿದ್ದದ್ದು ಕಡಿಮೆ. ಆಡಿದಾಗ ನಾವು ನಂಬಲಿಲ್ಲ. ಅದನ್ನು ಹೇಳಿಬಿಡಬೇಕು ಅಂತಲೇ ಇವತ್ತು ಬಂದಿದ್ದೇನೆ.

"ಗೋಣಿತಾಟು ಹಾಸಿ ರಸ್ತೆ ಮಾಡಿದ್ವಿ, ಅದರ ಮೇಲೆ ಲಾರಿ ಓಡಿದ್ವು" ಅನ್ನುತ್ತಿದ್ದರು. ರಾಗಿ ಒಣಗಿಸೋ ಗೋಣಿತಾಟಿನ ಮೇಲೆ ಲಾರಿ ಓಡುತ್ತದಾ? ಊರಿನವರೂ ನಕ್ಕರು, ಮನೆಯವರೂ ನಕ್ಕರು. ಮೊಮ್ಮಕ್ಕಳು ನಾವಂತೂ ಮತ್ತೆ ಮತ್ತೆ ಕೇಳಿ ನಕ್ಕೆವು. ಒಂದು ದಿನದಿಂದ ತಾತ ಆ ಮಾತನ್ನೇ ನಿಲ್ಲಿಸಿಬಿಟ್ಟರು. ಇನ್ನೊಂದು ಮಾತು 'ಸಿಂದಿನ್ ಹೊಳೆ'. ಅದು ಯಾವ ಹೊಳೆ ಅಂತ ಯಾರೂ ಕೇಳಲಿಲ್ಲ.

ಅವರು ಹೋಗಿ ಎಷ್ಟೋ ವರ್ಷದ ಮೇಲೆ ಬರ್ಮಾ ಯುದ್ಧದ ಬಗ್ಗೆ ಓದುತ್ತಾ ಕೂತಿದ್ದೆ. ಜಪಾನಿನವರು 1942ರ ಮಾರ್ಚ್‌ನಲ್ಲಿ ರಂಗೂನ್ ಹಿಡಿದರು. 1944ರಲ್ಲಿ ಇಂಫಾಲ, ಕೊಹಿಮಾಗಳಲ್ಲಿ ಅವರ ದಾಳಿ ಮುರಿಯಿತು. ಅಲ್ಲಿಂದ ಬ್ರಿಟಿಷ್ ಜನರಲ್ ಸ್ಲಿಮ್ ಅವರ 14ನೇ ಸೇನೆ ಬರ್ಮಾ ಗಡಿಯ ತಾಮು ದಾಟಿ, ಕಬಾವ್ ಕಣಿವೆ ಹಿಡಿದು ಇಳಿಯಿತು. ಜಲ್ಲಿಕಲ್ಲು ಸಿಗದ ಜಾಗ. ಮಳೆ ಬಂದರೆ ಗಾಲಿ ಮುಳುಗುವಷ್ಟು ಕೆಸರು. ಆಗ ಏನು ಮಾಡಿದರು ಗೊತ್ತಾ? ಮಣ್ಣಿನ ರಸ್ತೆಯನ್ನು ನಡುವೆ ಉಬ್ಬಿಸಿ ಹದ ಮಾಡಿ, ಎರಡೂ ಬದಿಗೆ ಚರಂಡಿ ತೋಡಿ, ಡಾಂಬರು ಹೀರಿಸಿದ ಗೋಣಿ ಬಟ್ಟೆಯ ಪಟ್ಟಿಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಹಾಸಿದರು. ಅದಕ್ಕೆ ಬಿತೆಸ್ ಅಂತ ಹೆಸರು. ನೀರು ಒಳಗೆ ಇಳಿಯದಿದ್ದರೆ ರಸ್ತೆ ನಿಲ್ಲುತ್ತದೆ. ಒಂದು ಕಡೆ ಹರಿದರೂ ತಕ್ಷಣ ತೇಪೆ ಹಾಕಬೇಕು.

ಗೋಣಿತಾಟಿನ ರಸ್ತೆ! ಪುಸ್ತಕ ಮಡಚಿಟ್ಟು ಬಹಳ ಹೊತ್ತು ಸುಮ್ನೆ ಕೂತೆ. ಆ ರಸ್ತೆ ಹೋಗಿ ಸೇರುವುದು ಕಲೇವಾ ಅನ್ನುವ ಊರನ್ನು. ಅಲ್ಲಿ ಹರಿಯುವುದು ಚಿಂದ್ವಿನ್ ನದಿ. ನಮ್ಮ ತಾತನ ಸಿಂದಿನ್ ಹೊಳೆ.

ಆ ಹೊಳೆಗೆ 1944ರ ಡಿಸೆಂಬರ್‌ನಲ್ಲಿ 1,154 ಅಡಿ ಉದ್ದದ ತೇಲು ಸೇತುವೆ ಹಾಕಿದರು. ಬಿಡಿ ಚೌಕಟ್ಟುಗಳನ್ನು ಜೋಡಿಸಿ ಕಟ್ಟುವ ಇಂಥದ್ದಕ್ಕೆ ಬೈಲಿ ಸೇತುವೆ ಅಂತಾರೆ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಬೈಲಿ ಸೇತುವೆ ಅದು. ಅದರ ಒಂದೊಂದು ಕಬ್ಬಿಣದ ಚೌಕಟ್ಟು 10 ಅಡಿ ಉದ್ದ, ಸುಮಾರು 260 ಕೆಜಿ ತೂಕ. ಹೊರುವುದಕ್ಕೆ 6 ಜನ. ಆ ಸೇತುವೆ ಕಟ್ಟುವುದರಲ್ಲಿ ತಾತ ಇದ್ದರೋ, ಬರೀ ದಾಟಿ ಹೋದರೋ, ಹೇಳುವವರು ಈಗ ಯಾರೂ ಇಲ್ಲ. ಕೇಳಬೇಕಾದಾಗ ನಾವು ನಗುತ್ತಿದ್ದೆವು.

1946ರಲ್ಲಿ ತಾತ ಮನೆಗೆ ಬಂದಾಗ ಮೈಯೆಲ್ಲ ಹಳದಿಯಾಗಿತ್ತಂತೆ. ಅಜ್ಜಿ ಕಾಮಾಲೆ ಅಂತ ಹೆದರಿ, ಬದುವಿನ ಮೇಲಿನ ನೆಲನೆಲ್ಲಿ ಕಿತ್ತು ಅರೆದು ಮಜ್ಜಿಗೆಯಲ್ಲಿ ಕುಡಿಸಿದರು. ಉಪ್ಪಿಲ್ಲದ ಪಥ್ಯ ಬೇರೆ. ಅದು ಕಾಮಾಲೆ ಆಗಿರಲಾರದು. ಮಲೇರಿಯಾ ಬರದಿರಲಿ ಅಂತ ಸೈನಿಕರಿಗೆ ದಿನಾ ಮೆಪಕ್ರಿನ್ ಮಾತ್ರೆ ನುಂಗಿಸುತ್ತಿದ್ದರು. ಅದರಿಂದ ಚರ್ಮ ಹಳದಿ ತಿರುಗುತ್ತದೆ, ಬಿಟ್ಟ ಮೇಲೆ ತಾನಾಗಿಯೇ ಹೋಗುತ್ತದೆ. ತಾತನಿಗೆ ಇದು ಗೊತ್ತಿರಲೇಬೇಕು. ಆದರೂ ಅಜ್ಜಿ ಕೊಟ್ಟದ್ದನ್ನೆಲ್ಲ ಮಾತಾಡದೆ ಕುಡಿದರಂತೆ. ನಮ್ಮ ಮನೆಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ಯುದ್ಧಕ್ಕೆ ಅಂತ ಸೇರಿ ನಾಲ್ಕೇ ವರ್ಷಕ್ಕೆ ಹೊರಬಂದವರಿಗೆ ಪಿಂಚಣಿ ಇರಲಿಲ್ಲ. ಕೈಗೆ ಬಂದ ದುಡ್ಡಲ್ಲಿ ಸಾಲ ತೀರಿಸಿ, ಒಂದು ಜೊತೆ ಎತ್ತು ಕೊಂಡು, ಮತ್ತೆ ಗದ್ದೆಗೆ ಇಳಿದರು. ಬಂಡಿ ದಾಟಲಿ ಅಂತ ಕಾಲುವೆ ಮೇಲೆ ಒಂದು ಕಲ್ಲಿನ ಮೋರಿ ಕಟ್ಟಿದರು. ಕಟ್ಟುವ ಮುಂಚೆ ಎರಡೂ ಬದಿಗೆ ಚರಂಡಿ ತೋಡಿ, ನಡುವೆ ದಾರಿ ಉಬ್ಬಿಸಿದ್ದರು. ಕೆರೆ ಕೋಡಿ ಬಿದ್ದ ವರ್ಷಗಳಲ್ಲೂ ಅದು ಕದಲಿಲ್ಲ. ಈಗ ಅದರ ಮೇಲೆ ಟ್ರ್ಯಾಕ್ಟರ್ ಹೋಗುತ್ತದೆ. ಅಷ್ಟು ವರ್ಷ ಅದರ ಮೇಲೆ ಓಡಾಡಿದ ನಾನು, ಆ ಕೈ ಎಲ್ಲಿ ಪಳಗಿತ್ತು ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಹೋದ ವರ್ಷ ಟ್ರಂಕಿನಲ್ಲಿ ಕಂದಾಯದ ರಸೀದಿಗಳ ನಡುವೆ ಅವರ ಡಿಸ್ಚಾರ್ಜ್ ಕಾಗದ ಸಿಕ್ಕಿತು. ಅರ್ಧ ಗೆದ್ದಲು ತಿಂದಿದೆ. ಹಳೆಯ ಸೈನಿಕರ ದಾಖಲೆ ಆಯಾ ರೆಜಿಮೆಂಟಿನ ದಾಖಲೆ ಕಚೇರಿಯಲ್ಲಿ ಇರುತ್ತದೆ, ಹುಡುಕಲು ಸೈನಿಕನ ನಂಬರು ಬೇಕು. ನಮ್ಮ ಕಾಗದದಲ್ಲಿ ನಂಬರಿನ ಕೊನೆಯ ಅಂಕಿ 3 ಇರಬಹುದು, 8 ಇರಬಹುದು, ಮಸಿ ಹರಡಿದೆ. ಎರಡನ್ನೂ ಬರೆದು ಅರ್ಜಿ ಹಾಕಿದ್ದೇನೆ.