ವೇಗಸ್‌ನಿಂದ ವೇಗಸ್‌ಗೆ: ಒಂದು ಕಾರು, ನಾಲ್ಕು ಜನ, ಮೂರು ರಾಜ್ಯ

ಈ ವಿಡಿಯೋದಲ್ಲಿರೋ ಮ್ಯಾಪ್ ಒಂದ್ಸಲ ಪೂರ್ತಿ ನೋಡ್ಕೊಳ್ಳಿ. ಅಮೆರಿಕದ ಲಾಸ್ ವೇಗಸ್‌ನಿಂದ ಹೊರಟು ಹೂವರ್ ಡ್ಯಾಮ್, ಅಲ್ಲಿಂದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಸೌತ್ ರಿಮ್ (ದಕ್ಷಿಣದ ಅಂಚು), ಆಮೇಲೆ ಪೇಜ್ ಅನ್ನೋ ಚಿಕ್ಕ ಊರು, ಝಯಾನ್ ನ್ಯಾಷನಲ್ ಪಾರ್ಕ್, ವಾಪಸ್ ವೇಗಸ್. ನೆವಾಡಾ, ಅರಿಝೋನಾ, ಯೂಟಾ, ಮೂರು ರಾಜ್ಯ. ಒಟ್ಟು ಸುಮಾರು 700 ಮೈಲಿ, ನಮ್ಮ ಲೆಕ್ಕದಲ್ಲಿ 1,100 ಕಿಲೋಮೀಟರ್ ಚಿಲ್ಲರೆ.

ಫ್ರೆಂಡ್ಸ್ ಗುಂಪು ಬಂದ್ರೆ ಸಾಮಾನ್ಯವಾಗಿ ಏನಾಗುತ್ತೆ? ಇಳಿದ ರಾತ್ರಿನೇ ವೇಗಸ್‌ನಲ್ಲಿ ಜಾಗರಣೆ, ಮಾರನೇ ದಿನ ಯಾರಿಗೆ ತಲೆನೋವು ಕಮ್ಮಿ ಇದೆಯೋ ಅವರ ಕೈಗೆ ಸ್ಟೀರಿಂಗ್. ಸೌತ್ ರಿಮ್‌ಗೆ ನಾಲ್ಕೂವರೆ ಗಂಟೆ ಡ್ರೈವ್ ಇದೆ. ಅದಕ್ಕೇ ಇಲ್ಲಿ ಕ್ಯಾನ್ಯನ್ ಮೊದಲು, ವೇಗಸ್ ಕೊನೆಗೆ. ಕೊನೇ ಎರಡು ರಾತ್ರಿ ಭಾನುವಾರ–ಗುರುವಾರದ ನಡುವೆ ಬೀಳೋ ಹಾಗೆ ನೋಡ್ಕೊಳ್ಳಿ. ವೀಕೆಂಡ್‌ನಲ್ಲಿ ಅದೇ ರೂಮು ತುಂಬಾ ದುಬಾರಿ.

ಕಾರ್ ಬಾಡಿಗೆ ಜಾಗ ಏರ್‌ಪೋರ್ಟ್ ಒಳಗಿಲ್ಲ, ಟರ್ಮಿನಲ್ ಹೊರಗಿಂದ ಶಟಲ್ ಬಸ್ ಹಿಡೀಬೇಕು. ಕೌಂಟರಲ್ಲಿ ಮೊದಲು ಕೇಳೋದು ಡ್ರೈವರ್ ಹೆಸರಲ್ಲೇ ಇರೋ ಕ್ರೆಡಿಟ್ ಕಾರ್ಡ್. ಡೆಪಾಸಿಟ್ ಅಂತ ಅದರಲ್ಲಿ ಒಂದಷ್ಟು ದುಡ್ಡು ಹಿಡಿದಿಡ್ತಾರೆ, ಲಿಮಿಟ್ ಕಮ್ಮಿ ಇದ್ರೆ ಕಷ್ಟ. ಭಾರತದ ಲೈಸೆನ್ಸ್ ಇರೋರು ಊರು ಬಿಡೋ ಮುಂಚೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಕೊಳ್ಳಿ, ಮೂಲ ಲೈಸೆನ್ಸೂ ಜೊತೆಗಿರಲಿ. 25 ವಯಸ್ಸಿನ ಒಳಗಿನವರಿಗೆ ದಿನಕ್ಕಿಷ್ಟು ಅಂತ ಹೆಚ್ಚುವರಿ ಶುಲ್ಕ. ಇನ್ನೊಂದು ಮಾತು: ಅಗ್ರಿಮೆಂಟಲ್ಲಿ ಹೆಸರಿಲ್ಲದ ಫ್ರೆಂಡ್ "ಹತ್ತು ನಿಮಿಷ ನಾನು ಓಡಿಸ್ತೀನಿ ಕೊಡೋ" ಅಂದಾಗ ಕೊಟ್ರೆ, ಏನಾದ್ರೂ ತಾಗಿದ ಕ್ಷಣ ಇನ್ಶೂರೆನ್ಸ್ ಕೈಬಿಡಬಹುದು. ಓಡಿಸೋರೆಲ್ಲ ಕೌಂಟರಲ್ಲೇ ಹೆಸರು ಸೇರಿಸಿ. ನಾಲ್ಕು ಜನಕ್ಕೆ ನಾಲ್ಕು ದೊಡ್ಡ ಸೂಟ್‌ಕೇಸ್ ಇದ್ರೆ ಸೆಡಾನ್ ಡಿಕ್ಕಿ ಸಾಲಲ್ಲ, ಎಸ್‌ಯುವಿ ತಗೊಳ್ಳಿ.

ರಸ್ತೆಗೆ ಬಂದ್ರೆ, ಬಲಗಡೆ ಓಡಿಸೋದು ಅರ್ಧ ದಿನದಲ್ಲಿ ಅಭ್ಯಾಸ ಆಗುತ್ತೆ. ತಡವರಿಸೋದು ಫೋರ್ ವೇ ಸ್ಟಾಪಲ್ಲಿ: ನಾಲ್ಕೂ ಕಡೆ ಸ್ಟಾಪ್ ಬೋರ್ಡ್, ಚಕ್ರ ಪೂರ್ತಿ ನಿಲ್ಲಬೇಕು, ಮೊದಲು ಬಂದು ನಿಂತವರು ಮೊದಲು ಹೋಗ್ಬೇಕು. ಹಿಂದೆ ಪೊಲೀಸ್ ಲೈಟ್ ಮಿನುಗಿದ್ರೆ ಬಲಕ್ಕೆ ನಿಲ್ಲಿಸಿ, ಕೈ ಸ್ಟೀರಿಂಗ್ ಮೇಲೆ ಕಾಣೋ ಹಾಗಿಡಿ. ನಮ್ಮೂರಿನ ಥರ ಇಳಿದು "ಸಾರ್" ಅಂತ ಅವರ ಕಡೆ ನಡೆದು ಹೋಗ್ಬೇಡಿ.

ಪೆಟ್ರೋಲ್ ಬಂಕಲ್ಲಿ ಪಂಪು ಐದಂಕಿ ಝಿಪ್ ಕೋಡ್ (ಅಲ್ಲಿನ ಪಿನ್‌ಕೋಡ್) ಕೇಳುತ್ತೆ, ಭಾರತದ ಕಾರ್ಡ್ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಒಳಗಿನ ಅಂಗಡಿಗೆ ಹೋಗಿ ಪಂಪ್ ನಂಬರ್ ಹೇಳಿ 40 ಡಾಲರ್ ಕಟ್ಟಿ, ಉಳಿದಿದ್ದು ವಾಪಸ್ ಬರುತ್ತೆ. ಯೂಟಾದಲ್ಲಿ 85 ಆಕ್ಟೇನ್ ಅಂತ ಅಗ್ಗದ ಪೆಟ್ರೋಲ್ ಕಾಣುತ್ತೆ. ಕಾರಿನ ಟ್ಯಾಂಕ್ ಮುಚ್ಚಳದ ಹತ್ರ 87 ಅಂತಿದ್ರೆ 87ನ್ನೇ ಹಾಕಿ.

ಈಗ ಕಾಣ್ತಿರೋದು ಹೂವರ್ ಡ್ಯಾಮ್. ಎತ್ತರ 726 ಅಡಿ, 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಮರ್ಪಿಸಿದ್ದು. 2010ರಲ್ಲಿ ಬಂದ ಹೊಸ ಸೇತುವೆ ಮೇಲೆ ಕಾರಲ್ಲಿ ಹೋಗ್ತಾ ಡ್ಯಾಮ್ ಕಾಣುತ್ತೆ ಅಂದ್ಕೊಂಡ್ರೆ ನಿರಾಸೆ, ಪಕ್ಕದ ತಡೆಗೋಡೆ ಪೂರ್ತಿ ಮುಚ್ಚಿಬಿಡುತ್ತೆ. ಕಾರ್ ಕೆಳಗೆ ನಿಲ್ಲಿಸಿ, ಮೆಟ್ಟಿಲು ಹತ್ತಿ ಸೇತುವೆಯ ಕಾಲುದಾರಿಗೆ ಬರಬೇಕು. ಬಂಡೆ ಮೇಲಿನ ಆ ಬಿಳಿ ಪಟ್ಟಿ ಕಂಡ್ತಾ? ಡ್ಯಾಮ್ ಹಿಂದಿನ ಜಲಾಶಯ ಲೇಕ್ ಮೀಡ್‌ನ ನೀರು ಮೊದಲು ಅಲ್ಲಿವರೆಗೆ ಇತ್ತು. ಅಂದ ಹಾಗೆ, ವೇಗಸ್ ದೀಪಗಳೆಲ್ಲ ಇದರ ಕರೆಂಟಲ್ಲೇ ಉರಿಯೋದು ಅನ್ನೋದು ಸುಳ್ಳು, ಹೆಚ್ಚಿನ ಪಾಲು ಹೋಗೋದು ಕ್ಯಾಲಿಫೋರ್ನಿಯಾಕ್ಕೆ.

ಗ್ರ್ಯಾಂಡ್ ಕ್ಯಾನ್ಯನ್ ಗೇಟಿಗೆ ಹೋಗೋ ಮುಂಚೆ ಲೆಕ್ಕ ಹಾಕಿ. ಕಾರಿಗೆ 35 ಡಾಲರ್, 7 ದಿನ ನಡೆಯುತ್ತೆ. ಆದ್ರೆ 2026ರ ಜನವರಿ 1ರಿಂದ, ಅಮೆರಿಕದ ನಿವಾಸಿಗಳಲ್ಲದ 16 ವರ್ಷ ಮೇಲ್ಪಟ್ಟವರಿಗೆ ಗ್ರ್ಯಾಂಡ್ ಕ್ಯಾನ್ಯನ್, ಝಯಾನ್ ಸೇರಿ 11 ಪಾರ್ಕ್‌ಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ. ಒಬ್ಬರೇ ಬಂದು ಈ ಎರಡು ಪಾರ್ಕ್ ನೋಡಿದ್ರೂ ಎರಡು ಸಲ 135, ಅಂದ್ರೆ 270 ಆಯ್ತು, ನಿವಾಸಿಗಳಲ್ಲದವರ ವಾರ್ಷಿಕ ಪಾಸ್ 250. 80 ಡಾಲರ್ ಪಾಸ್ ನಿವಾಸಿಗಳಿಗೆ ಮಾತ್ರ, ಅಮೆರಿಕದ ಸರ್ಕಾರಿ ಫೋಟೋ ಐಡಿ ಬೇಕು.

ರಿಮ್ ಇರೋದು ಸುಮಾರು 7,000 ಅಡಿ ಎತ್ತರದಲ್ಲಿ, ಮೇ ತಿಂಗಳಲ್ಲೂ ಸೂರ್ಯೋದಯಕ್ಕೆ ಜಾಕೆಟ್ ಬೇಕು. ಮೇದರ್ ಪಾಯಿಂಟ್ ಅನ್ನೋ ವ್ಯೂ ಪಾಯಿಂಟ್ ತುಂಬಿದ್ರೆ ರಿಮ್ ದಾರಿಯಲ್ಲಿ ಹತ್ತು ನಿಮಿಷ ನಡೀರಿ, ಅದೇ ನೋಟ, ಕಾಲುಭಾಗ ಜನ. ಬ್ರೈಟ್ ಏಂಜಲ್ ಟ್ರೇಲ್‌ನಲ್ಲಿ ಇಳಿಯೋಕೆ ಎಷ್ಟು ಹೊತ್ತಾಯ್ತೋ ಹತ್ತೋಕೆ ಅದರ ಎರಡರಷ್ಟು ಅಂತ ಇಟ್ಕೊಳ್ಳಿ. ಇಳಿದಷ್ಟೂ ಸೆಕೆ ಏರುತ್ತೆ. ಹೊರಡುವಾಗ ಬಂದ ದಾರೀಲಿ ವಾಪಸ್ ಹೋಗ್ಬೇಡಿ, ಪೂರ್ವದ ಡೆಸರ್ಟ್ ವ್ಯೂ ಕಡೆಯಿಂದ ಕ್ಯಾಮರಾನ್ ಊರಿನ ಮೇಲೆ ಪೇಜ್‌ಗೆ ಎರಡೂವರೆ ಗಂಟೆ. ಮಧ್ಯೆ ಸಿಗ್ನಲ್ ಹೋಗುತ್ತೆ, ಮ್ಯಾಪ್ ಆಫ್‌ಲೈನ್ ಇಳಿಸ್ಕೊಳ್ಳಿ.

ಈ ಇಡೀ ಟ್ರಿಪ್‌ನಲ್ಲಿ ಜನ ಅತಿ ಹೆಚ್ಚು ಎಡವೋದು ಪೇಜ್‌ನಲ್ಲಿ, ಗಡಿಯಾರದ ವಿಷಯಕ್ಕೆ. ಬೇಸಿಗೆಯಲ್ಲಿ ಅಮೆರಿಕದ ಬಹುಪಾಲು ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತೆ, ಆದ್ರೆ ಅರಿಝೋನಾ ಬದಲಾಯಿಸಲ್ಲ. ಅದೇ ರಾಜ್ಯದೊಳಗಿನ ನವಾಹೋ ನೇಷನ್ ಅನ್ನೋ ಮೂಲನಿವಾಸಿಗಳ ಪ್ರದೇಶ ಬದಲಾಯಿಸುತ್ತೆ. ಪಕ್ಕದ ಯೂಟಾನೂ ಬದಲಾಯಿಸುತ್ತೆ. ಪೇಜ್ ಪಕ್ಕದ ಕಿರಿದಾದ ಕಲ್ಲಿನ ಕಣಿವೆ ಆಂಟಿಲೋಪ್ ಕ್ಯಾನ್ಯನ್ ಇರೋದು ನವಾಹೋ ನೆಲದಲ್ಲಿ, ಆದ್ರೆ ಟೂರ್ ನಡೆಯೋದು ಅರಿಝೋನಾ ಟೈಮಿಗೆ! ಫೋನ್ ಯಾವ ಟವರ್ ಹಿಡಿಯುತ್ತೋ ಆ ಟೈಮ್ ತೋರಿಸುತ್ತೆ. ಒಂದೇ ಕಾರಲ್ಲಿ ಎರಡು ಫೋನು, ಎರಡು ಟೈಮು. ಪರಿಹಾರ ಸುಲಭ: ಆಟೋಮ್ಯಾಟಿಕ್ ಟೈಮ್ ಆಫ್ ಮಾಡಿ, ಅರಿಝೋನಾದ ರಾಜಧಾನಿ ಫೀನಿಕ್ಸ್ ಅಂತ ಕೈಯಾರೆ ಸೆಟ್ ಮಾಡಿ.

ಗೈಡ್ ಇಲ್ಲದೆ ಆಂಟಿಲೋಪ್ ಒಳಗೆ ಬಿಡಲ್ಲ. ಅದರಲ್ಲಿ ಅಪ್ಪರ್, ಲೋವರ್ ಅಂತ ಎರಡು ಭಾಗ. ಅಪ್ಪರ್‌ನಲ್ಲಿ ಸಮತಟ್ಟು ನೆಲ, ಬೇಸಿಗೆ ಮಧ್ಯಾಹ್ನ ಮೇಲಿಂದ ಬೆಳಕಿನ ಕೋಲು ಬೀಳುತ್ತೆ. ಲೋವರ್‌ನಲ್ಲಿ ಕಬ್ಬಿಣದ ಏಣಿ ಇಳೀಬೇಕು. ತಲೆ ಮೇಲೆ ಆಕಾಶ ಶುಭ್ರ ಇದ್ರೂ ಟೂರ್ ರದ್ದಾದ್ರೆ ಜಗಳ ಮಾಡ್ಬೇಡಿ. 1997ರ ಆಗಸ್ಟ್‌ನಲ್ಲಿ ಮೈಲಿಗಟ್ಟಲೆ ದೂರ ಬಿದ್ದ ಮಳೆ ಲೋವರ್ ಒಳಗೆ ನುಗ್ಗಿ 11 ಪ್ರವಾಸಿಗರು ಸತ್ತರು.

ನದಿ ಕುದುರೆ ಲಾಳದ ಥರ ತಿರುಗೋ ಜಾಗ ಹಾರ್ಸ್‌ಶೂ ಬೆಂಡ್ ಪಕ್ಕದಲ್ಲೇ. ಪಾರ್ಕಿಂಗ್ ಊರಿನ ಆಡಳಿತದ್ದು, ಪಾರ್ಕ್ ಪಾಸ್ ನಡೆಯಲ್ಲ. ಅಂಚಿನ ಸ್ವಲ್ಪ ಭಾಗಕ್ಕೆ ಮಾತ್ರ ರೇಲಿಂಗ್ ಇದೆ. ಸೆಲ್ಫಿ ರೇಲಿಂಗ್ ಇರೋ ಕಡೆನೇ ತೆಗೀರಿ.

ಝಯಾನ್‌ಗೆ ಎರಡು ಗಂಟೆ, ಯೂಟಾಗೆ ಕಾಲಿಟ್ಟ ತಕ್ಷಣ ಬೇಸಿಗೆಯಲ್ಲಿ ಒಂದು ಗಂಟೆ ಕಳೆದುಹೋಗುತ್ತೆ. ಸೀಸನ್‌ನಲ್ಲಿ ಕಣಿವೆ ಒಳಗೆ ಶಟಲ್ ಬಸ್ಸೇ ಗತಿ. ಏಂಜಲ್ಸ್ ಲ್ಯಾಂಡಿಂಗ್ ಅನ್ನೋ ಕಡಿದಾದ ಬಂಡೆ ಹತ್ತೋಕೆ ಲಾಟರಿಯಲ್ಲಿ ಪರ್ಮಿಟ್ ಬೀಳಬೇಕು. ಡಿನ್ನರ್ ಜೊತೆ ಬಿಯರ್ ಕುಡಿಯೋರು ಗಮನಿಸಿ: ರಕ್ತದಲ್ಲಿ ಆಲ್ಕೋಹಾಲ್ ಮಿತಿ ನೆವಾಡಾ, ಅರಿಝೋನಾದಲ್ಲಿ 0.08, ಯೂಟಾದಲ್ಲಿ 0.05.

ವೇಗಸ್ ಮುಟ್ಟಿದ ಕೂಡಲೇ ಕಾರ್ ವಾಪಸ್ ಕೊಟ್ಬಿಡಿ. ಕ್ಯಾಸಿನೋಗಳ ಮುಖ್ಯ ರಸ್ತೆ ಸ್ಟ್ರಿಪ್‌ನ ಬಹುತೇಕ ಹೋಟೆಲ್‌ಗಳಲ್ಲಿ ಪಾರ್ಕಿಂಗ್‌ಗೆ ದುಡ್ಡು, ಜೊತೆಗೆ ರಾತ್ರಿಗಿಷ್ಟು ಅಂತ ರೆಸಾರ್ಟ್ ಫೀ ಬೇರೆ. ಬೆಲ್ಲಾಜಿಯೋ ಹೋಟೆಲ್ ಮುಂದಿನ ಕಾರಂಜಿ ರಾತ್ರಿ 8ರಿಂದ 12ರವರೆಗೆ 15 ನಿಮಿಷಕ್ಕೊಮ್ಮೆ, ಬಿಟ್ಟಿ. ಫ್ರೀಮಾಂಟ್ ಸ್ಟ್ರೀಟ್‌ನ ಚಪ್ಪರದ ಲೈಟ್ ಶೋನೂ ಬಿಟ್ಟಿ. ಗರಿ ಕಟ್ಕೊಂಡ ಹುಡುಗಿಯರು, ವೇಷಧಾರಿಗಳು ಪಕ್ಕಕ್ಕೆ ಬಂದು ಪೋಸ್ ಕೊಟ್ರೆ ಅದು ಬಿಟ್ಟಿ ಅಲ್ಲ, ಫೋಟೋಗೆ ಮುಂಚೆನೇ ರೇಟ್ ಮಾತಾಡಿ.

ಬ್ಲ್ಯಾಕ್‌ಜ್ಯಾಕ್ ಅನ್ನೋ ಇಸ್ಪೀಟ್ ಆಟದ ಟೇಬಲ್ ಮೇಲೆ ಬರೆದಿರೋದು ಓದಿ ಕೂತ್ಕೊಳ್ಳಿ. ಮೊದಲ ಎರಡು ಎಲೆಯಲ್ಲೇ 21 ಬಿದ್ದಾಗ, 3:2 ಅಂದ್ರೆ 10 ಡಾಲರಿಗೆ 15, 6:5 ಅಂದ್ರೆ ಬರೀ 12. ಎಟಿಎಂ ಕ್ಯಾಸಿನೋ ಒಳಗೆ ಮುಟ್ಟಬೇಡಿ, ಶುಲ್ಕ ಸುಲಿಗೆ. ಗಾಂಜಾ ನೆವಾಡಾದಲ್ಲಿ ಕಾನೂನುಬದ್ಧ, ಆದ್ರೆ ಫೆಡರಲ್ ಕಾನೂನಲ್ಲಿ ಅಪರಾಧ. ವೀಸಾ ಮೇಲಿರೋರು ಆ ಅಂಗಡಿ ದಾಟಿ ಮುಂದೆ ಹೋಗಿ.

ಕ್ಲಬ್‌ಗೆ 21 ತುಂಬಿರಬೇಕು, ಬಾಗಿಲಲ್ಲಿ ಮೂಲ ಪಾಸ್‌ಪೋರ್ಟೇ ಬೇಕು, ಫೋನಲ್ಲಿರೋ ಫೋಟೋ ತೋರಿಸಿದ್ರೆ ಸಾಲಲ್ಲಿಂದ ಆಚೆ. ಗಂಡಸರು ಶಾರ್ಟ್ಸ್, ಚಪ್ಪಲಿ ಬಿಟ್ಟು ಕಾಲರ್ ಶರ್ಟ್, ಶೂ ಹಾಕಿ. ಹುಡುಗರೇ ನಾಲ್ಕು ಜನ ಬಿಟ್ಟಿ ಪ್ರವೇಶದ ಗೆಸ್ಟ್ ಲಿಸ್ಟ್‌ಗೆ ಪ್ರಯತ್ನಿಸೋದು ದಂಡ, ಟಿಕೆಟ್ ಆನ್‌ಲೈನಲ್ಲೇ ತಗೊಳ್ಳಿ. ಹೊರಗೆ ಬಂದು ಆ್ಯಪ್‌ನಲ್ಲಿ ಕ್ಯಾಬ್ ಹಾಕಿದ್ರೆ ಅದು ಹೋಟೆಲ್ ಮುಂಬಾಗಿಲಿಗೆ ಬರದೆ ಎಷ್ಟೋ ಕಡೆ ಪಾರ್ಕಿಂಗ್ ಕಟ್ಟಡದ ಒಳಗಿನ ಪಿಕಪ್ ಜಾಗಕ್ಕೆ ಬರುತ್ತೆ. ಬೋರ್ಡ್ ನೋಡ್ಕೊಂಡು ಅಲ್ಲಿಗೆ ನಡೆದು ಹೋದ್ಮೇಲೆ ಬುಕ್ ಒತ್ತಿ.