ಮೊದಲು ಬಿದ್ದ ಹತ್ತು ವೋಟು

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಜೆ ಆರೂಕಾಲು. ಬೆಂಗಳೂರಿನಲ್ಲಿ ಮಳೆ ಧೋ ಎಂದು ಸುರಿದು ಈಗಷ್ಟೇ ನಿಂತಿದೆ. ಮನೆಗೆ ಹೊರಡುವ ಮುಂಚೆ ದಾರಿ ಹೇಗಿದೆ ನೋಡೋಣ ಎಂದು ಮೊಬೈಲಿನಲ್ಲಿ ಊರಿನ ಚರ್ಚಾತಾಣ ತೆರೆಯುತ್ತೀರಿ. ಎಲ್ಲಕ್ಕಿಂತ ಮೇಲೆ ಕೂತಿರುವುದು ಆಟೋ ಮೀಟರ್ ಜಗಳದ ಒಂದು ಪೋಸ್ಟ್. ಮಧ್ಯಾಹ್ನ ಒಂದು ಗಂಟೆಗೆ ಹಾಕಿದ್ದು, 400 ವೋಟು ಬಿದ್ದಿದೆ. ‘ಸಿಲ್ಕ್ ಬೋರ್ಡ್ ಹತ್ತಿರ ಮೊಣಕಾಲುದ್ದ ನೀರು, ಬೈಕಿನವರು ಈ ಕಡೆ ಬರಬೇಡಿ’ ಎಂದು ಯಾರೋ ಪುಣ್ಯಾತ್ಮರು ಈಗತಾನೇ ಬರೆದದ್ದು ಎಲ್ಲೋ ಕೆಳಗೆ, ಮೂರು ವೋಟು ಇಟ್ಟುಕೊಂಡು ಬಿದ್ದಿದೆ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಇದೊಂದು ಲೆಕ್ಕ. ಆ ಲೆಕ್ಕವನ್ನೇ ಇವತ್ತು ಬಿಡಿಸಿ ನೋಡೋಣ.

ಇಂಥ ಚರ್ಚಾತಾಣಗಳಲ್ಲಿ ಒಂದಾದ ರೆಡಿಟ್ 2008ರಿಂದ 2017ರವರೆಗೆ ತನ್ನ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತ್ತು. ಹಾಗಾಗಿ ಅದರ ‘ಹಾಟ್’ ಪಟ್ಟಿ, ಅಂದರೆ ಯಾವ ಪೋಸ್ಟ್ ಮೇಲೆ ಯಾವುದು ಕೆಳಗೆ ಎನ್ನುವ ಸಾಲು, ಆಗ ಹೇಗೆ ತಯಾರಾಗುತ್ತಿತ್ತು ಎನ್ನುವುದು ಗುಟ್ಟೇನಲ್ಲ. ಅದರಲ್ಲಿ ಎರಡು ಭಾಗ. ಮೊದಲನೆಯದು ವೋಟು. ಮೇಲ್ಬಾಣ ಒತ್ತಿ ಪರವಾಗಿ ಬಿದ್ದದ್ದರಲ್ಲಿ ಕೆಳಬಾಣ ಒತ್ತಿ ವಿರುದ್ಧ ಬಿದ್ದದ್ದನ್ನು ಕಳೆದು, ಉಳಿದದ್ದಕ್ಕೆ ಲಾಗ್ ತೆಗೆಯುತ್ತಾರೆ. ಪಿಯುಸಿಯಲ್ಲಿ ತಿರುವಿ ಹಾಕಿದ ಲಾಗ್ ಟೇಬಲ್ ನೆನಪಿಸಿಕೊಳ್ಳಿ: 10ಕ್ಕೆ 1, 100ಕ್ಕೆ 2, 1000ಕ್ಕೆ 3. ಅಂದರೆ ಮೊದಲ 10 ವೋಟಿಗೆ ಸಿಗುವ ಅಂಕ ಒಂದು. ಇನ್ನೊಂದು ಅಂಕ ಬೇಕಾದರೆ ಮತ್ತೆ 90 ವೋಟು ಬೀಳಬೇಕು. ಮೂರನೆಯದಕ್ಕೆ ಮತ್ತೆ 900. ಎರಡನೆಯ ಭಾಗ ಹುಟ್ಟಿದ ಹೊತ್ತು. 2005ರ ಡಿಸೆಂಬರ್ 8ರ ಒಂದು ಕ್ಷಣದಿಂದ ಆ ಪೋಸ್ಟ್ ಬಿದ್ದ ಕ್ಷಣದವರೆಗಿನ ಸೆಕೆಂಡುಗಳನ್ನು ಎಣಿಸಿ 45,000ದಿಂದ ಭಾಗಿಸುತ್ತಾರೆ. 45,000 ಸೆಕೆಂಡೆಂದರೆ ಹನ್ನೆರಡೂವರೆ ಗಂಟೆ. ಹಳೆಯ ಪೋಸ್ಟಿನ ಅಂಕವನ್ನು ಇಲ್ಲಿ ಯಾರೂ ಇಳಿಸುವುದಿಲ್ಲ. ಹೊಸದು ಇನ್ನೂ ಎತ್ತರದ ಮೆಟ್ಟಿಲ ಮೇಲೆ ಹುಟ್ಟುತ್ತದೆ, ಅಷ್ಟೇ.

ಎರಡನ್ನೂ ಕೂಡಿಸಿ ನೋಡಿ. ಬೆಳಿಗ್ಗೆ ಏಳಕ್ಕೆ ಹಾಕಿ 100 ವೋಟು ಪಡೆದದ್ದೂ, ಸಂಜೆ ಏಳೂವರೆಗೆ ಹಾಕಿ 10 ವೋಟು ಪಡೆದದ್ದೂ ಸರಿಸಮ. ನಮ್ಮ ಸಿಲ್ಕ್ ಬೋರ್ಡ್ ಪೋಸ್ಟಿಗೆ ಬನ್ನಿ. ಆಟೋ ಜಗಳಕ್ಕಿಂತ ಅದು ಐದೂಕಾಲು ಗಂಟೆ ಹೊಸದು. ಅದರಿಂದ ಸಿಗುವ ಮುನ್ನಡೆ 0.42 ಅಂಕ. 400 ವೋಟಿನ ಲಾಗ್ 2.6. ಉಳಿದ ಅಂತರ ತುಂಬಲು ನೀರಿನ ಪೋಸ್ಟಿಗೆ ಸುಮಾರು 150 ವೋಟು ಬೇಕು. ಅಷ್ಟು ಬೀಳುವ ಹೊತ್ತಿಗೆ ರಸ್ತೆಯ ನೀರು ಇಳಿದುಹೋಗಿರುತ್ತದೆ.

ಹ್ಯಾಕರ್ ನ್ಯೂಸ್ ಎಂಬ ತಂತ್ರಜ್ಞರ ತಾಣದ್ದು ಇನ್ನೊಂದು ದಾರಿ. ಬಹಿರಂಗವಾಗಿರುವ ಅದರ ಸೂತ್ರದಲ್ಲಿ, ಬಂದ ಅಂಕದಲ್ಲಿ ಒಂದನ್ನು ಕಳೆದು, ಪೋಸ್ಟಿನ ವಯಸ್ಸಿಗೆ ಎರಡು ಗಂಟೆ ಕೂಡಿಸಿ, ಅದನ್ನು 1.8ರ ಘಾತಕ್ಕೇರಿಸಿ, ಬಂದದ್ದರಿಂದ ಮೊದಲಿನದನ್ನು ಭಾಗಿಸುತ್ತಾರೆ. ಇಲ್ಲಿ ವಯಸ್ಸು ನಿಜವಾಗಿಯೂ ಕೆಳಕ್ಕೆ ಎಳೆಯುತ್ತದೆ. ಒಂದು ಗಂಟೆಯ ಹಿಂದಿನ 30 ಅಂಕದ ಬರಹ ನಾಲ್ಕು ಗಂಟೆ ಹಳೆಯ 100 ಅಂಕದ ಬರಹವನ್ನು ಕೂದಲೆಳೆಯಲ್ಲಿ ಹಿಂದಿಕ್ಕುತ್ತದೆ. ಒಂದು ದಿನ ಹಳೆಯದು ಅದೇ ಜಾಗದಲ್ಲಿ ನಿಲ್ಲಬೇಕಾದರೆ ಅದಕ್ಕೆ ಸುಮಾರು 1,400 ಅಂಕ ಬೇಕು.

ರೆಡಿಟ್‌ನ ಹಳೆಯ ಕೋಡಿನಲ್ಲಿದ್ದ ಒಂದು ಎಡವಟ್ಟನ್ನು ಹೇಳಲೇಬೇಕು. ಒಟ್ಟು ವೋಟು ಧನವೋ ಋಣವೋ ಸೊನ್ನೆಯೋ ಎಂದು ತೋರಿಸುವ ಚಿಹ್ನೆಯನ್ನು ಲಾಗ್ ಭಾಗಕ್ಕೆ ಗುಣಿಸುವ ಬದಲು ಹೊತ್ತಿನ ಭಾಗಕ್ಕೆ ಗುಣಿಸಿಬಿಟ್ಟಿದ್ದರು. ಆದದ್ದೇನು? ಪೋಸ್ಟ್ ಹಾಕಿದವರ ಸ್ವಂತ ವೋಟೊಂದು ತಾನಾಗಿ ಸೇರಿ ಒಟ್ಟು 1 ಇರುತ್ತದೆ. ಮೊದಲು ಓದಿದವರೊಬ್ಬರು ಕೆಳಬಾಣ ಒತ್ತಿದರೆ 1 ಹೋಗಿ 0. ಸೊನ್ನೆಯಿಂದ ಗುಣಿಸಿದರೆ ಹೊತ್ತಿನ ಅಂಕವೆಲ್ಲ ಸೊನ್ನೆ. 2013ರ ಕೊನೆಯ ಹೊತ್ತಿಗೆ ಆ ಹೊತ್ತಿನ ಅಂಕವೇ 5,000 ದಾಟಿತ್ತು. ಉಳಿದವರೆಲ್ಲ ಐದು ಸಾವಿರದ ಮೇಲಿರುವಾಗ ಈ ಪಾಪದ ಪೋಸ್ಟು ಸೊನ್ನೆಯಲ್ಲಿ, ವರ್ಷಗಳಷ್ಟು ಹಳೆಯ ಪೋಸ್ಟುಗಳಿಗಿಂತಲೂ ಕೆಳಗೆ. ಒಬ್ಬರ ಒಂದು ವೋಟಿಗೆ ಅಷ್ಟು ಬಲ! ಆಮೇಲೆ ಸರಿಪಡಿಸಿದರು. ಆದರೂ ನೋಡುವವರು ಕಡಿಮೆ ಇರುವ ಕಡೆ ಮೊದಲ ಒಂದೆರಡು ವೋಟಿನ ಬಿಗಿ ಸಡಿಲಾಗಿಲ್ಲ. ಕನ್ನಡದಲ್ಲಿ ಬರೆದದ್ದಕ್ಕೆ ಈ ಪೆಟ್ಟು ಜಾಸ್ತಿ. ಓದಿ ಮೆಚ್ಚಿದವರೂ ಬಾಣ ಒತ್ತದೆ ಮುಂದೆ ಹೋದರೆ, ಬೇಜಾರಾದ ಒಬ್ಬರ ಕೈಯೇ ಮೇಲಾಗುತ್ತದೆ.

ಕಾಮೆಂಟುಗಳ ಸಾಲಿಗೆ ಲೆಕ್ಕ ಬೇರೆ. ‘ಕಾವೇರಿ ನೀರಿನ ಹೊಸ ಕನೆಕ್ಷನ್‌ಗೆ ಏನೇನು ದಾಖಲೆ ಬೇಕು’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಎರಡು ಗಂಟೆ ತಡವಾಗಿ ಬಂದರೂ ಅದು ಮೇಲೇರಬೇಕಲ್ಲ? ಪರ ವೋಟಿನ ಶೇಕಡಾವಾರು ತೆಗೆದರೆ ಒಂದೇ ಒಂದು ವೋಟು ಬಿದ್ದದ್ದು ನೂರಕ್ಕೆ ನೂರು ಎಂದು ಮೇಲೆ ಕೂರುತ್ತದೆ. ಬರೀ ವ್ಯತ್ಯಾಸ ತೆಗೆದರೆ ಬೇಗ ಬಂದದ್ದೇ ಗೆಲ್ಲುತ್ತದೆ. ಅದಕ್ಕೆ 2009ರಲ್ಲಿ ರೆಡಿಟ್ ‘ಬೆಸ್ಟ್’ ಎಂಬ ಸಾಲು ತಂದಿತು. ಅದರ ಬೇರು ಎಡ್ವಿನ್ ವಿಲ್ಸನ್ ಎಂಬ ಗಣಿತಜ್ಞ 1927ರಲ್ಲಿ ಕೊಟ್ಟ ಸೂತ್ರ. ಅದು ಕೇಳುವುದು ಇಷ್ಟು: ಇಲ್ಲಿಯವರೆಗೆ ಬಿದ್ದ ವೋಟು ನೋಡಿದರೆ, ನಿಜವಾದ ಮೆಚ್ಚುಗೆ ಕನಿಷ್ಠ ಎಷ್ಟಿರಬಹುದು? 95 ಶೇಕಡಾ ಭರವಸೆ ಇಟ್ಟು ಲೆಕ್ಕ ಹಾಕಿದರೆ, 1 ಪರ, 0 ವಿರುದ್ಧ ಇರುವುದಕ್ಕೆ 0.21. 10 ಪರ, 1 ವಿರುದ್ಧ ಇರುವುದಕ್ಕೆ 0.62. 40 ಪರ, 20 ವಿರುದ್ಧ ಇದ್ದರೆ 0.54. ವ್ಯತ್ಯಾಸದ ಲೆಕ್ಕದಲ್ಲಿ 20 ಇದ್ದದ್ದು ಇಲ್ಲಿ 9 ಇದ್ದದ್ದಕ್ಕಿಂತ ಕೆಳಗಿಳಿಯಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ನ್ಯಾಯಕ್ಕೆ ತುಂಬ ಹತ್ತಿರ ಬಂದ ಸೂತ್ರ ಇದೇ.

ಆದರೆ ಸೂತ್ರ ಎಷ್ಟೇ ನೆಟ್ಟಗಿದ್ದರೂ ವೋಟು ಹಾಕುವವರು ನಾವೇ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. ಒಂದು ಸುದ್ದಿ ತಾಣದ ಲಕ್ಷಕ್ಕೂ ಹೆಚ್ಚು ಕಾಮೆಂಟುಗಳಲ್ಲಿ ಮನಬಂದಂತೆ ಕೆಲವನ್ನು ಆರಿಸಿ, ಹುಟ್ಟಿದ ಕೂಡಲೇ ಸುಮ್ಮನೆ ಒಂದು ಪರ ವೋಟು ಹಾಕಿದರು. ಮುಂದಿನ ಓದುಗರು ಪರವಾಗಿ ಒತ್ತುವ ಸಂಭವ 32 ಶೇಕಡಾ ಹೆಚ್ಚಿತು, ಕೊನೆಯ ಅಂಕ ಸರಾಸರಿ 25 ಶೇಕಡಾ ಏರಿತು. ಸುಳ್ಳು ವಿರುದ್ಧ ವೋಟನ್ನು ಮಾತ್ರ ಓದುಗರು ತಾವೇ ಸರಿಪಡಿಸಿದ್ದರು. ಕೆಲವು ಗುಂಪುಗಳಲ್ಲಿ ಹೊಸ ಕಾಮೆಂಟಿನ ಅಂಕವನ್ನು ಸ್ವಲ್ಪ ಹೊತ್ತು ಮುಚ್ಚಿಡುವುದು ಇಂಥ ಕಾರಣಕ್ಕೇ. ನಿಮ್ಮ ಬಡಾವಣೆಯ ಗುಂಪಿಗೆ ನೀವೇ ಮಾಡರೇಟರ್, ಅಂದರೆ ಗುಂಪನ್ನು ನೋಡಿಕೊಳ್ಳುವವರು, ಆಗಿದ್ದರೆ, ಸೆಟ್ಟಿಂಗ್‌ನಲ್ಲಿ ಆ ಅವಕಾಶ ಇದೆಯೇ ನೋಡಿ, ಇದ್ದರೆ ಒಂದು ಗಂಟೆಗೆ ಇಟ್ಟುಬಿಡಿ.

ಬರೆಯುವವರಿಗೆ ಒಂದೆರಡು ಮಾತು. ಜನ ಫೋನ್ ಹಿಡಿದಿರುವ ಹೊತ್ತಿಗೆ ಹಾಕಿ. ರಾತ್ರಿ ಎರಡಕ್ಕೆ ಹಾಕಿದರೆ ಎಲ್ಲರೂ ಏಳುವಷ್ಟರಲ್ಲಿ ನಿಮ್ಮ ಮೆಟ್ಟಿಲು ಹಿಂದೆ ಬಿದ್ದಿರುತ್ತದೆ. ‘ಸಹಾಯ ಬೇಕು’ ಎಂದಷ್ಟೇ ಬರೆಯಬೇಡಿ, ಶೀರ್ಷಿಕೆಯಲ್ಲೇ ಜಾಗದ ಹೆಸರು, ಹೊತ್ತು, ವಿಷಯ ಇರಲಿ. ವಾಟ್ಸಾಪಿನಲ್ಲಿ ಲಿಂಕ್ ಹಂಚಿ ‘ಎಲ್ಲರೂ ವೋಟು ಹಾಕಿ’ ಎಂದು ಕೇಳಿಕೊಳ್ಳುವುದು ಬೇಡ. ಅದು ಅನೇಕ ಕಡೆ ನಿಯಮಕ್ಕೆ ವಿರುದ್ಧ. ಒಟ್ಟಿಗೆ ಬಂದ ವೋಟುಗಳು ಲೆಕ್ಕದಿಂದ ಹೊರಗೆ ಹೋಗಬಹುದು, ಖಾತೆಗೂ ಕುತ್ತು. ಪೋಸ್ಟಿಗೆ ಒಂದು ಪ್ರತಿಕ್ರಿಯೆಯೂ ಬರದಿದ್ದರೆ ಲಾಗ್ ಔಟ್ ಆಗಿ, ಇಲ್ಲವೇ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಗುಂಪನ್ನು ತೆರೆದು ‘ಹೊಸತು’ ಪಟ್ಟಿ ನೋಡಿ. ಅಲ್ಲಿ ನಿಮ್ಮದು ಕಾಣದಿದ್ದರೆ ಬೇಡದ ಪೋಸ್ಟುಗಳನ್ನು ತಾನಾಗಿ ತಡೆಯುವ ಸ್ಪ್ಯಾಮ್ ಫಿಲ್ಟರ್ ಹಿಡಿದಿಟ್ಟಿರಬಹುದು. ಹೊಸ ಖಾತೆ, ಕುಗ್ಗಿಸಿದ ಲಿಂಕ್ ಇದ್ದರೆ ಹೀಗಾಗುವುದುಂಟು. ಅಳಿಸಿ ಅಳಿಸಿ ಮತ್ತೆ ಹಾಕಿದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಮಾಡರೇಟರ್‌ಗೆ ಒಂದು ಸಂದೇಶ ಕಳಿಸಿ, ಸಾಕು.

ಇನ್ನು ಓದುವವರು. ಮಳೆ, ಮೆಟ್ರೋ ನಿಂತದ್ದು, ಕರೆಂಟು ಹೋದದ್ದು, ಇಂಥದ್ದಕ್ಕೆ ‘ಹಾಟ್’ ಪಟ್ಟಿಯನ್ನು ನೆಚ್ಚಿಕೊಳ್ಳಬೇಡಿ, ‘ಹೊಸತು’ ಒತ್ತಿ. ಒತ್ತಿದ ಮೇಲೆ ಬರೀ ಓದಿ ಬರಬೇಡಿ. ಆ ಪಟ್ಟಿ ನೋಡುವವರು ಬೆರಳೆಣಿಕೆಯಷ್ಟು ಜನ, ಮೊದಲ ಹತ್ತು ವೋಟು ಅವರ ಕೈಯಲ್ಲೇ ಇರುತ್ತದೆ. ನೀವು ಅದೇ ದಾರಿಯಲ್ಲಿ ಬಂದು ನೀರು ಕಣ್ಣಾರೆ ಕಂಡಿದ್ದರೆ ಮೇಲ್ಬಾಣ ಒತ್ತಿ, ‘ಆರೂ ಇಪ್ಪತ್ತಕ್ಕೆ ನಾನೂ ನೋಡಿದೆ, ಸರ್ವಿಸ್ ರಸ್ತೆ ಪರವಾಗಿಲ್ಲ’ ಎಂದು ಒಂದು ಸಾಲು ಸೇರಿಸಿ.

ನಮಸ್ಕಾರ.